ಕೋಳಿ, ಒಂಟೆ, ಹಸು, ನಾವು: ಪ್ರಾಣಿಗಳ ಕೊರೊನಾ ಮನುಷ್ಯರಿಗೆ ದಾಟೋದು ಹೇಗೆ?



2020ರ ಮಾರ್ಚ್ ತಿಂಗಳು ನಿಮಗೆ ನೆನಪಿರಬಹುದು. ಲಾಕ್‌ಡೌನ್ ಇನ್ನೂ ಶುರುವಾಗಿರಲಿಲ್ಲ, ಆದರೆ ಕೋಳಿ ಸಾಕುವವರಿಗೆ ಅಷ್ಟು ಹೊತ್ತಿಗೇ ಬಾಗಿಲು ಮುಚ್ಚಿತ್ತು. "ಕೋಳಿ ತಿಂದ್ರೆ ಕೊರೊನಾ ಬರುತ್ತೆ" ಅನ್ನೋ ವಾಟ್ಸಾಪ್ ಮೆಸೇಜ್ ಒಂದು ಊರಿಂದ ಊರಿಗೆ ಓಡಾಡ್ತಿತ್ತು. ಬೆಳಗಾವಿ, ಕೋಲಾರ ಜಿಲ್ಲೆಗಳಲ್ಲಿ ರೈತರು ಗುಂಡಿ ತೋಡಿಸಿ ಜೀವಂತ ಕೋಳಿಗಳನ್ನೇ ಮಣ್ಣು ಮಾಡಿದ ವಿಡಿಯೋ ನೋಡಿದಾಗ ಹೊಟ್ಟೆ ಉರಿದಿತ್ತು. ಆಗ ನನ್ನ ಶೆಡ್ಡಿನಲ್ಲೂ 2,000 ಕೋಳಿ ಇದ್ದವು. ಕೊಳ್ಳೋರಿಲ್ಲ, ಮೇವಿನ ಖರ್ಚು ಮಾತ್ರ ದಿನಾ ಏರ್ತಾ ಇತ್ತು. ಕೊನೆಗೆ ಸಿಕ್ಕ ಬೆಲೆಗೆ ಕೊಟ್ಟು, ಉಳಿದಿದ್ದನ್ನ ಊರವರಿಗೆ ಹಂಚಿದೆ. ಪುಕ್ಕಟೆ ಕೊಟ್ಟರೂ ಕೆಲವರು ಬೇಡ ಅಂದರು.

ನಷ್ಟಕ್ಕಿಂತ ಹೆಚ್ಚು ನನ್ನನ್ನು ಕಾಡಿದ್ದು ಬೇರೆ. ನಮ್ಮ ಪಕ್ಕದ ಮನೆಯವರು ಮೊಬೈಲ್ ಹಿಡಿದುಕೊಂಡು ಬಂದು, "ನೀನೇ ಸಾಕೋನು, ನೀನೇ ಹೇಳಪ್ಪ, ಇದು ನಿಜಾನಾ ಸುಳ್ಳಾ?" ಅಂತ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. "ಸುಳ್ಳು" ಅಂದೆ ನಿಜ, ಆದರೆ ಯಾಕೆ ಸುಳ್ಳು ಅಂತ ಹೇಳಕ್ಕೆ ಗೊತ್ತಿರಲಿಲ್ಲ. ಆ ಮೇಲೆ ಓದಿ, ಪಶುವೈದ್ಯರ ಹತ್ತಿರ ಕೇಳಿ ತಿಳಿದುಕೊಂಡಿದ್ದನ್ನ ಈ ವಾರ ನಿಮ್ಮ ಮುಂದೆ ಇಡ್ತಿದ್ದೇನೆ. ಮುಂದಿನ ಸಲ ಇಂಥ ಮೆಸೇಜ್ ಬಂದಾಗ ನಿಮ್ಮ ಹತ್ತಿರ ಉತ್ತರ ಇರಲಿ.

ನಮ್ಮ ಶೆಡ್ಡಿನಲ್ಲೇ ಇದ್ದ ಕೊರೊನಾ

ಮೊದಲು ಒಂದು ತಮಾಷೆಯ ವಿಷಯ. ಕೋಳಿ ಮರಿಗಳಿಗೆ ನಾವು ಕಣ್ಣಿಗೋ ಮೂಗಿಗೋ ಹಾಕುವ ಲಸಿಕೆಯ ಸೀಸೆ ಮೇಲೆ "ಐಬಿ" ಅಂತ ಬರೆದಿರೋದು ನೋಡಿದ್ದೀರಲ್ಲ? ಅದು ಇನ್‌ಫೆಕ್ಷಿಯಸ್ ಬ್ರಾಂಕೈಟಿಸ್ ಅನ್ನೋ ಕಾಯಿಲೆಗೆ ಹಾಕುವ ಲಸಿಕೆ. ಕೋಳಿ ಗೊರಗೊರ ಸದ್ದು ಮಾಡೋದು, ಬಾಯಿ ತೆರೆದು ಉಸಿರಾಡೋದು, ಮೊಟ್ಟೆ ಇಳುವರಿ ಬೀಳೋದು, ಮೊಟ್ಟೆ ಚಿಪ್ಪು ಸುಕ್ಕುಗಟ್ಟೋದು, ಇವೆಲ್ಲ ಅದರ ಲಕ್ಷಣ. ಆ ಕಾಯಿಲೆ ತರೋದು ಒಂದು ಕೊರೊನಾ ವೈರಸ್ಸೇ! ಅಮೆರಿಕದ ನಾರ್ತ್ ಡಕೋಟಾದಲ್ಲಿ 1931ರಲ್ಲೇ ಈ ಕಾಯಿಲೆಯನ್ನು ಗುರುತಿಸಿದ್ದರು. ಆಗ ಕೊರೊನಾ ಅನ್ನೋ ಹೆಸರೂ ಹುಟ್ಟಿರಲಿಲ್ಲ.

ಅಂದರೆ ಕೋಳಿಗೆ ಕೊರೊನಾ ಬರುತ್ತೆ ಅನ್ನೋದು ನಿಜ. ಆದರೆ ಅದು ಕೋಳಿಯ ಕೊರೊನಾ. ಸುಮಾರು ತೊಂಬತ್ತು ವರ್ಷದಿಂದ ಲೆಕ್ಕವಿಲ್ಲದಷ್ಟು ಜನ ಆ ಕೋಳಿಗಳ ನಡುವೆಯೇ ಕೆಲಸ ಮಾಡಿದ್ದಾರೆ, ಆದರೂ ಅದು ಮನುಷ್ಯರ ಕಾಯಿಲೆಯಾಗಲಿಲ್ಲ. 2020ರಲ್ಲಿ ಜರ್ಮನಿಯ ವಿಜ್ಞಾನಿಗಳು ಬೇಕಂತಲೇ ಕೋಳಿಗಳಿಗೆ ಕೋವಿಡ್ ವೈರಸ್ ಹಾಕಿ ನೋಡಿದರು. ಕೋಳಿಗಳಿಗೆ ಅದು ತಗಲಲೇ ಇಲ್ಲ. ಹಂದಿಗಳಿಗೂ ತಗಲಲಿಲ್ಲ. ವಾಟ್ಸಾಪ್ ಮೆಸೇಜ್ ಸುಳ್ಳಾಗಿದ್ದು ಇಲ್ಲಿ: ಹೆಸರು ಒಂದೇ ಅಂದ ಮಾತ್ರಕ್ಕೆ ವೈರಸ್ಸೂ ಒಂದೇ ಅಂತ ಅದು ನಂಬಿಸಿತು.

ದೊಡ್ಡ ಕುಟುಂಬ, ನಾಲ್ಕು ಕವಲು

ಕೊರೊನಾ ಅನ್ನೋದು ಒಬ್ಬನ ಹೆಸರಲ್ಲ, ಮನೆತನದ ಹೆಸರು. ಆ ಮನೆತನದಲ್ಲಿ ನಾಲ್ಕು ಕವಲು: ಆಲ್ಫಾ, ಬೀಟಾ, ಗಾಮಾ, ಡೆಲ್ಟಾ. (2021ರಲ್ಲಿ ಕೇಳಿದ ಡೆಲ್ಟಾ ತಳಿ ಬೇರೆ, ಈ ಡೆಲ್ಟಾ ಕವಲು ಬೇರೆ. ಗೊಂದಲ ಬೇಡ.) ಆಲ್ಫಾ ಮತ್ತು ಬೀಟಾ ಕವಲಿನವು ಹೆಚ್ಚಾಗಿ ಬಾವಲಿ, ಹಸು, ನಾಯಿ, ಬೆಕ್ಕು, ಹಂದಿ, ಒಂಟೆ, ಮನುಷ್ಯರಂಥ ಸಸ್ತನಿಗಳಲ್ಲಿ ಇರುತ್ತವೆ. ಗಾಮಾ, ಡೆಲ್ಟಾ ಹೆಚ್ಚಾಗಿ ಪಕ್ಷಿಗಳಲ್ಲಿ. ಕೋಳಿಯ ಐಬಿ ವೈರಸ್ ಗಾಮಾ ಕವಲಿನದು.

ಮನುಷ್ಯರಲ್ಲಿ ಕಾಯಿಲೆ ತರೋ ಕೊರೊನಾ ಅಂತ ಗುರುತಾಗಿರೋದು ಮುಖ್ಯವಾಗಿ ಏಳು. ನಾಲ್ಕು ಸಾಮಾನ್ಯ ನೆಗಡಿ ತರೋವು. ಉಳಿದ ಮೂರು ಸಾರ್ಸ್, ಮರ್ಸ್ ಮತ್ತು ಕೋವಿಡ್. ಏಳೂ ಆಲ್ಫಾ ಮತ್ತು ಬೀಟಾ ಕವಲಿನವೇ, ಅಂದರೆ ಸಸ್ತನಿಗಳ ಕಡೆಯವು.

ಬೀಗ ಮತ್ತು ಕೀಲಿಕೈ

ವೈರಸ್ ಒಂದು ಪ್ರಾಣಿಯಿಂದ ಇನ್ನೊಂದಕ್ಕೆ ದಾಟೋದು ಅಷ್ಟು ಸುಲಭ ಅಲ್ಲ. ಅದು ತಾನಾಗಿ ಬೆಳೆಯಲ್ಲ, ಜೀವಕೋಶದ ಒಳಗೆ ಹೋದರೆ ಮಾತ್ರ ಮರಿ ಹಾಕುತ್ತೆ. ಒಳಗೆ ಹೋಗಕ್ಕೆ ಬಾಗಿಲ ಬೀಗ ತೆಗೀಬೇಕು. ಕೊರೊನಾ ವೈರಸ್ಸಿನ ಮೈಮೇಲೆ ಇರೋ ಮುಳ್ಳುಗಳೇ ಅದರ ಕೀಲಿಕೈ. ನಮ್ಮ ಜೀವಕೋಶದ ಹೊರಮೈಯಲ್ಲಿರೋ ಕೆಲವು ಪ್ರೋಟೀನುಗಳು ಬೀಗ ಇದ್ದಂತೆ. ಸಾರ್ಸ್ ಮತ್ತು ಕೋವಿಡ್ ವೈರಸ್ಸುಗಳು ಎಸಿಇ2 ಅನ್ನೋ ಬೀಗ ತೆಗೀತವೆ. ಮರ್ಸ್ ವೈರಸ್ ತೆಗೆಯೋದು ಡಿಪಿಪಿ4 ಅನ್ನೋ ಬೇರೆ ಬೀಗ. ಒಂದು ಪ್ರಾಣಿಯ ಬೀಗದ ಆಕಾರ ಇನ್ನೊಂದರಂತೆ ಇರಲ್ಲ. ಅದಕ್ಕೇ ಹೆಚ್ಚಿನ ವೈರಸ್ಸುಗಳು ಬಾಗಿಲಲ್ಲೇ ನಿಂತು ಸಾಯ್ತವೆ.

ಆದರೆ ಕೊರೊನಾಗಳಿಗೆ ಕೀಲಿಕೈ ತಿದ್ದೋ ಚಾಳಿ ಇದೆ. ಇವುಗಳ ವಂಶದ ದಾಖಲೆಯಲ್ಲಿ ಸುಮಾರು 30,000 ಅಕ್ಷರ. ಫ್ಲೂ ವೈರಸ್ಸಿನದು ಇದರ ಅರ್ಧಕ್ಕಿಂತ ಕಡಿಮೆ. ನಕಲು ಮಾಡುವಾಗ ಅಲ್ಲೊಂದು ಇಲ್ಲೊಂದು ತಪ್ಪಾಗುತ್ತೆ. ಒಂದೇ ಜೀವಕೋಶಕ್ಕೆ ಎರಡು ಬೇರೆ ಕೊರೊನಾಗಳು ಹೊಕ್ಕರೆ ಅದರ ತುಂಡು ಇದಕ್ಕೆ, ಇದರ ತುಂಡು ಅದಕ್ಕೆ ಸೇರಿ ಹೊಸದೇ ಒಂದು ಹುಟ್ಟಬಹುದು. ಅಕ್ಕಪಕ್ಕ ಬಿತ್ತಿದ ಎರಡು ಜೋಳದ ತಳಿ ಬೆರಕೆಯಾದ ಹಾಗೆ ಅಂದುಕೊಳ್ಳಿ. ನೂರಕ್ಕೆ ತೊಂಬತ್ತೊಂಬತ್ತು ಬೆರಕೆ ಕೆಲಸಕ್ಕೆ ಬರಲ್ಲ. ಯಾವುದೋ ಒಂದು ಹೊಸ ಬೀಗಕ್ಕೆ ಕೂಡಿಬಿಡುತ್ತೆ.

ಹಾಗಾಗಿ ಒಂದು ಕಾಯಿಲೆ ಪೂರ್ತಿ ದಾಟಬೇಕಾದರೆ ಮೂರು ಹೆಜ್ಜೆ ಆಗಬೇಕು:

1. ಕಾಯಿಲೆ ಇರೋ ಪ್ರಾಣಿ ಮತ್ತು ಮನುಷ್ಯ ಹತ್ತಿರ ಬರಬೇಕು.
2. ವೈರಸ್ಸಿನ ಕೀಲಿ ಮನುಷ್ಯನ ಬೀಗಕ್ಕೆ ಕೂಡಬೇಕು.
3. ಆ ಮನುಷ್ಯನಿಂದ ಇನ್ನೊಬ್ಬ ಮನುಷ್ಯನಿಗೆ ಹರಡಬೇಕು.

ಎರಡನೇ, ಮೂರನೇ ಹೆಜ್ಜೆ ನಮ್ಮ ಕೈಲಿಲ್ಲ. ಮೊದಲನೇದು ಮಾತ್ರ ಪೂರ್ತಿ ಸಾಕುವವರ ಕೈಲಿದೆ. ಇದನ್ನ ನೆನಪಿಟ್ಟುಕೊಂಡು ಮುಂದಿನ ಕಥೆಗಳನ್ನ ಓದಿ.

ಒಂಟೆಯ ಮೂಗಿಗೆ ಔಷಧಿ ಹಚ್ಚಿದವನು

ಸೌದಿ ಅರೇಬಿಯಾದ ಜೆಡ್ಡಾ ನಗರದ ಹತ್ತಿರ ನಲವತ್ತು ದಾಟಿದ ಒಬ್ಬ ವ್ಯಕ್ತಿ 9 ಒಂಟೆ ಸಾಕಿದ್ದ. 2013ರ ಅಕ್ಟೋಬರಿನಲ್ಲಿ ಅವುಗಳಲ್ಲಿ 4ಕ್ಕೆ ಹುಷಾರಿರಲಿಲ್ಲ, ಮೂಗಿಂದ ನೀರು ಸುರೀತಿತ್ತು. ನಾವು ನೀವು ಮಾಡೋದನ್ನೇ ಆತನೂ ಮಾಡಿದ. ಒಂದು ಒಂಟೆಯ ಮೂಗಿಗೆ ತಾನೇ ಔಷಧಿ ಹಚ್ಚಿದ. ಸುಮಾರು ಒಂದು ವಾರಕ್ಕೆ ಆತನಿಗೆ ಜ್ವರ, ಕೆಮ್ಮು, ನೆಗಡಿ ಶುರುವಾಯಿತು. ಉಸಿರಾಟದ ತೊಂದರೆಯಾಗಿ ನವೆಂಬರ್ ಮೊದಲ ವಾರದಲ್ಲಿ ತೀವ್ರ ನಿಗಾ ಘಟಕಕ್ಕೆ ಸೇರಿಸಿದರು. ಆತ ಬದುಕಲಿಲ್ಲ.

ವಿಜ್ಞಾನಿಗಳು ಆತನ ಮೂಗಿನ ಮಾದರಿ ಮತ್ತು ಒಂಟೆಯ ಮೂಗಿನ ಮಾದರಿ ಎರಡನ್ನೂ ತೆಗೆದು ಪರೀಕ್ಷಿಸಿದರು. ಎರಡರಲ್ಲೂ ಮರ್ಸ್ ವೈರಸ್ ಇತ್ತು, ಎರಡರ ವಂಶದಾಖಲೆಯೂ ಒಂದೇ ಆಗಿತ್ತು. ರಕ್ತ ಪರೀಕ್ಷೆಯಲ್ಲಿ ಒಂಟೆಗಳಿಗೇ ಮೊದಲು ತಗಲಿತ್ತು ಅನ್ನೋದೂ ಗೊತ್ತಾಯಿತು. ಮರ್ಸ್ ಒಂಟೆಯಿಂದ ಮನುಷ್ಯನಿಗೆ ಬರುತ್ತೆ ಅನ್ನೋದಕ್ಕೆ ಸಿಕ್ಕ ಗಟ್ಟಿ ಸಾಕ್ಷಿಗಳಲ್ಲಿ ಇದೊಂದು.

ಈ ವೈರಸ್ ಮೊದಲು ಕಣ್ಣಿಗೆ ಬಿದ್ದಿದ್ದು 2012ರಲ್ಲಿ, ಜೆಡ್ಡಾದಲ್ಲೇ, ಈಜಿಪ್ಟಿನ ವಿಜ್ಞಾನಿ ಅಲಿ ಮೊಹಮ್ಮದ್ ಜಾಕಿ ಅವರಿಗೆ. ಆದರೆ ಒಂಟೆಗಳಲ್ಲಿ ಇದು ಹಳೇ ನೆಂಟ. ಆಫ್ರಿಕಾದ ಸೊಮಾಲಿಯಾ, ಸುಡಾನ್ ಒಂಟೆಗಳಿಂದ 1983ರಲ್ಲಿ ತೆಗೆದಿಟ್ಟಿದ್ದ ರಕ್ತದಲ್ಲೂ ಅದರ ಗುರುತು ಸಿಕ್ಕಿತು. ಒಂಟೆಗೆ ಬರೀ ನೆಗಡಿ. ಮನುಷ್ಯನಿಗೆ ಬಂದರೆ, ಪತ್ತೆಯಾದ ನೂರು ಜನರಲ್ಲಿ ಸುಮಾರು 35 ಜನ ಉಳಿದಿಲ್ಲ. ಇದುವರೆಗೆ 2,600ಕ್ಕೂ ಹೆಚ್ಚು ಜನರಲ್ಲಿ ಪತ್ತೆಯಾಗಿ, 900ಕ್ಕೂ ಹೆಚ್ಚು ಜನ ತೀರಿಹೋಗಿದ್ದಾರೆ.

ಮರ್ಸ್ ಮೂರನೇ ಹೆಜ್ಜೆಯಲ್ಲಿ ಎಡವುತ್ತೆ. ಮನುಷ್ಯನಿಂದ ಮನುಷ್ಯನಿಗೆ ಸುಲಭವಾಗಿ ಹರಡಲ್ಲ. ಆಸ್ಪತ್ರೆಗಳ ಒಳಗೆ ಮಾತ್ರ ಜೋರು. 2015ರಲ್ಲಿ ಕೊಲ್ಲಿ ದೇಶಗಳಿಗೆ ಹೋಗಿ ಬಂದ ಒಬ್ಬ ಪ್ರಯಾಣಿಕನಿಂದ ಶುರುವಾಗಿ ದಕ್ಷಿಣ ಕೊರಿಯಾದಲ್ಲಿ 186 ಜನರಿಗೆ ತಗಲಿತು, 38 ಜನ ಸತ್ತರು. ನಮ್ಮ ಕರಾವಳಿಯ ಎಷ್ಟೋ ಮನೆಯ ಹುಡುಗರು ಸೌದಿ, ದುಬೈ, ಕತಾರ್‌ನಲ್ಲಿ ದುಡೀತಿದ್ದಾರೆ. ಅಲ್ಲಿರೋ ಗೆಳೆಯರಿಗೆ ಈ ಮಾತು ತಲುಪಿಸಿ: ಹಸಿ ಒಂಟೆ ಹಾಲು ಕುಡೀಬೇಡಿ, ಕಾಯಿಸಿ ಕುಡೀರಿ. ಒಂಟೆ ಮುಟ್ಟಿದ ಮೇಲೆ ಕೈ ತೊಳೀರಿ. ಊರಿಗೆ ಬಂದ ಎರಡು ವಾರದೊಳಗೆ ಜ್ವರ, ಕೆಮ್ಮು ಬಂದರೆ ಎಲ್ಲಿಂದ ಬಂದೆ ಅಂತ ಡಾಕ್ಟರಿಗೆ ಮೊದಲೇ ಹೇಳಿ.

ಸಂತೆಯಲ್ಲಿ ತಗಲಿದ ಕಾಯಿಲೆ

ಎರಡನೇ ಕಥೆ ಚೀನಾದ್ದು. 2002ರ ನವೆಂಬರಿನಲ್ಲಿ ಗುವಾಂಗ್‌ಡಾಂಗ್ ಪ್ರಾಂತ್ಯದಲ್ಲಿ ಸಾರ್ಸ್ ಶುರುವಾಯಿತು. 2003ರ ಜುಲೈ ಹೊತ್ತಿಗೆ ಹತೋಟಿಗೆ ಬಂತು. ಅಷ್ಟರಲ್ಲಿ 8,000ಕ್ಕೂ ಹೆಚ್ಚು ಜನರಿಗೆ ತಗಲಿ 774 ಜನ ಸತ್ತಿದ್ದರು. ಶುರುವಿನ ರೋಗಿಗಳಲ್ಲಿ ಪ್ರಾಣಿ ಮಾರೋರು, ಮಾಂಸ ಕತ್ತರಿಸೋರು, ಹೋಟೆಲ್ ಅಡುಗೆಯವರು ಎದ್ದು ಕಾಣುವಷ್ಟಿದ್ದರು.

2003ರಲ್ಲಿ ಶೆನ್‌ಜೆನ್ ನಗರದ ಜೀವಂತ ಪ್ರಾಣಿಗಳ ಮಾರುಕಟ್ಟೆಯಲ್ಲಿ ಹುಡುಕಿದಾಗ ಪುನುಗು ಬೆಕ್ಕಿನ ಒಂದು ಜಾತಿಯಲ್ಲಿ ಹೆಚ್ಚುಕಮ್ಮಿ ಅದೇ ವೈರಸ್ ಸಿಕ್ಕಿತು. ಗುವಾಂಗ್‌ಡಾಂಗ್‌ನ ಪ್ರಾಣಿ ವ್ಯಾಪಾರಿಗಳ ರಕ್ತ ನೋಡಿದರೆ ನೂರಕ್ಕೆ 13 ಜನರಲ್ಲಿ ಈ ವೈರಸ್ಸಿನ ಗುರುತಿತ್ತು. ಮುಖ್ಯವಾಗಿ ಪುನುಗು ಬೆಕ್ಕನ್ನೇ ಮಾರೋರಲ್ಲಿ ನೂರಕ್ಕೆ 70ಕ್ಕೂ ಹೆಚ್ಚು! ಅವರಿಗೆ ಸಾರ್ಸ್ ಬಂದಿತ್ತು ಅಂತ ಯಾರೂ ಗುರುತಿಸಿರಲಿಲ್ಲ. ಅಂದರೆ ಅವರ ಮೈಗೆ ವೈರಸ್ ಸದ್ದಿಲ್ಲದೆ ಬಂದು ಹೋಗಿತ್ತು.

ನಮಗೆ ಪಾಠ ಇರೋದು ಇನ್ನೊಂದು ಕಡೆ. ಫಾರಂಗಳಲ್ಲಿದ್ದ ಪುನುಗು ಬೆಕ್ಕುಗಳಲ್ಲಿ ಬಹುಪಾಲು ಚೆನ್ನಾಗಿಯೇ ಇದ್ದವು. ಮಾರುಕಟ್ಟೆಗೆ ಬಂದವುಗಳಲ್ಲೇ ಕಾಯಿಲೆಯ ಗುರುತು ಹೆಚ್ಚು. ಬೇರೆ ಬೇರೆ ಊರಿನ, ಬೇರೆ ಬೇರೆ ಜಾತಿಯ ಪ್ರಾಣಿಗಳನ್ನ ಒಂದರ ಮೇಲೊಂದು ಪಂಜರ ಇಟ್ಟು ಕೂಡಿದಾಗ ಒಂದರ ಉಸಿರು, ಒಂದರ ಉಚ್ಚೆ ಇನ್ನೊಂದಕ್ಕೆ ತಗಲುತ್ತೆ. ಹೆದರಿ ಬಸವಳಿದ ಪ್ರಾಣಿಗೆ ಕಾಯಿಲೆ ತಡೆಯೋ ಶಕ್ತಿಯೂ ಕಡಿಮೆ. ಆಮೇಲಿನ ವರ್ಷಗಳಲ್ಲಿ ಯುನ್ನಾನ್ ಪ್ರಾಂತ್ಯದ ಗುಹೆಯ ಬಾವಲಿಗಳಲ್ಲಿ ಸಾರ್ಸ್‌ನ ಹತ್ತಿರದ ಸಂಬಂಧಿಗಳು ಸಿಕ್ಕವು. ಮೂಲ ಬಾವಲಿ, ಪುನುಗು ಬೆಕ್ಕು ನಡುವಿನ ಸೇತುವೆ. ಕೋವಿಡ್ ವೈರಸ್ಸಿನ ಹತ್ತಿರದ ಸಂಬಂಧಿಗಳೂ ಬಾವಲಿಗಳಲ್ಲೇ ಸಿಕ್ಕಿವೆ. ಅದು ನಮ್ಮವರೆಗೆ ಬಂದ ದಾರಿ ಯಾವುದು ಅನ್ನೋದರ ಬಗ್ಗೆ ಮಾತ್ರ ವಾದ ಇನ್ನೂ ಮುಗಿದಿಲ್ಲ.

ಹಸುವಿನ ಸಂಬಂಧ

ಈಗ ನಮ್ಮ ಕೊಟ್ಟಿಗೆಗೆ ಬರೋಣ. ಎಳೆ ಕರುಗಳಿಗೆ ಹುಟ್ಟಿದ ಮೊದಲ ಮೂರ್ನಾಲ್ಕು ವಾರದಲ್ಲಿ ನೀರು ನೀರಾಗಿ ಭೇದಿ ಆಗುತ್ತಲ್ಲ, ಅದಕ್ಕೆ ಕಾರಣ ಹಲವು. ಅದರಲ್ಲಿ ಹಸುವಿನ ಕೊರೊನಾ ವೈರಸ್ಸೂ ಒಂದು.

ಮನುಷ್ಯರಿಗೆ ನೆಗಡಿ ತರೋ ನಾಲ್ಕು ಕೊರೊನಾಗಳಲ್ಲಿ ಒಸಿ43 ಅನ್ನೋದೊಂದಿದೆ. 1960ರ ದಶಕದಲ್ಲಿ ಅದನ್ನ ಗುರುತಿಸಿದರು. ಅದಕ್ಕೂ ಹಸುವಿನ ಕೊರೊನಾಕ್ಕೂ ನೂರಕ್ಕೆ 95ಕ್ಕಿಂತ ಹೆಚ್ಚು ಹೋಲಿಕೆ. 2005ರಲ್ಲಿ ಬೆಲ್ಜಿಯಂ ವಿಜ್ಞಾನಿಗಳು ಲೆಕ್ಕ ಹಾಕಿ, ಇವೆರಡೂ ಸುಮಾರು 1890ರ ಹೊತ್ತಿಗೆ ಕವಲೊಡೆದಿರಬಹುದು ಅಂದರು. 1889ರಲ್ಲಿ ಶುರುವಾಗಿ ಜಗತ್ತೆಲ್ಲ ಸುತ್ತಿದ "ರಷ್ಯನ್ ಫ್ಲೂ" ಇದೇ ವೈರಸ್ ಮೊದಲ ಸಲ ಮನುಷ್ಯರಿಗೆ ದಾಟಿದಾಗ ಆಗಿದ್ದಿರಬಹುದೇ ಅನ್ನೋ ಊಹೆಯೂ ಇದೆ. ಅದು ಊಹೆ ಮಾತ್ರ, ಸಾಬೀತಾಗಿಲ್ಲ. ಇವತ್ತು ಒಸಿ43 ಮನುಷ್ಯರದ್ದೇ ವೈರಸ್. ನಮ್ಮ ಮಕ್ಕಳಿಗೆ ಬರೋ ನೆಗಡಿ ಹಸುವಿಂದ ಬರ್ತಿಲ್ಲ, ಶಾಲೆಯಲ್ಲಿ ಪಕ್ಕದಲ್ಲಿ ಕೂತ ಮಗುವಿಂದ ಬರ್ತಿದೆ. ಹಾಗಾಗಿ ಗೌರಿಯನ್ನ ಅನುಮಾನದಿಂದ ನೋಡಬೇಡಿ.

ದಾಟದೇ ಉಳಿದದ್ದು, ತಿರುಗಿ ದಾಟಿದ್ದು

ಎಲ್ಲಾ ಸಲ ದಾಟುತ್ತೆ ಅಂತೇನಿಲ್ಲ. 2016-17ರಲ್ಲಿ ಗುವಾಂಗ್‌ಡಾಂಗ್‌ನ ಹಂದಿ ಫಾರಂಗಳಲ್ಲಿ ಬಾವಲಿ ಮೂಲದ ಒಂದು ಕೊರೊನಾ ಹೊಕ್ಕು ಸುಮಾರು 25,000 ಹಂದಿಮರಿಗಳು ಸತ್ತವು. ಆ ಹಂದಿಗಳ ಜೊತೆ ಕೆಲಸ ಮಾಡಿದ 35 ಜನರ ರಕ್ತ ನೋಡಿದರು. ಒಬ್ಬರಲ್ಲೂ ಗುರುತಿಲ್ಲ. ಆದರೆ ಹಂದಿಗಳದ್ದೇ ಇನ್ನೊಂದು ಕೊರೊನಾ, ಡೆಲ್ಟಾ ಕವಲಿನದು, ಹೈಟಿ ದೇಶದಲ್ಲಿ 2014-15ರಲ್ಲಿ ಮೂರು ಮಕ್ಕಳಲ್ಲಿ ಸಿಕ್ಕಿತು. ಅಲ್ಲಿಂದ ಮುಂದೆ ಹರಡಲಿಲ್ಲ.

ನಮ್ಮಿಂದ ಪ್ರಾಣಿಗೂ ದಾಟುತ್ತೆ. ಡೆನ್ಮಾರ್ಕಿನಲ್ಲಿ ತುಪ್ಪಳಕ್ಕಾಗಿ ಸಾಕುವ ಮಿಂಕ್ ಅನ್ನೋ ಪ್ರಾಣಿಗಳಿಗೆ 2020ರಲ್ಲಿ ಕೆಲಸಗಾರರಿಂದ ಕೋವಿಡ್ ತಗಲಿತು. ಸಾವಿರಾರು ಪ್ರಾಣಿ ಒತ್ತೊತ್ತಾಗಿ ಇದ್ದ ಕಡೆ ವೈರಸ್ ಕಾಳ್ಗಿಚ್ಚಿನ ಹಾಗೆ ಹಬ್ಬಿ, ಬದಲಾಗಿ, ತಿರುಗಿ ಮನುಷ್ಯರಿಗೆ ಬಂತು. ನವೆಂಬರಿನಲ್ಲಿ ಸರ್ಕಾರ ಒಂದೂವರೆ ಕೋಟಿಗೂ ಹೆಚ್ಚು ಮಿಂಕ್‌ಗಳನ್ನ ಕೊಲ್ಲಲು ಹೇಳಿತು. ಒಂದು ಉದ್ಯಮವೇ ಮುಳುಗಿತು. 2021ರಲ್ಲಿ ನಮ್ಮ ಪಕ್ಕದ ಹೈದರಾಬಾದ್, ಚೆನ್ನೈ ಮೃಗಾಲಯದ ಸಿಂಹಗಳಿಗೂ ಕೋವಿಡ್ ತಗಲಿತ್ತು. ನಮಗೆ ಜ್ವರ ಇದ್ದಾಗ ಕೊಟ್ಟಿಗೆ ಕೆಲಸ ಬೇರೆಯವರಿಗೆ ಬಿಡಬೇಕು ಅನ್ನೋದು ಇದಕ್ಕೇ.

ನಮ್ಮ ಕೊಟ್ಟಿಗೆಯಲ್ಲಿ ಏನು ಮಾಡ್ಬೇಕು?

ಮೊದಲ ಹೆಜ್ಜೆ ನಮ್ಮ ಕೈಲಿದೆ ಅಂದೆನಲ್ಲ, ಅದು ಇಷ್ಟೇ:

- ಸೋಪು. ಕೊರೊನಾ ವೈರಸ್ಸಿನ ಹೊರಮೈ ಕೊಬ್ಬಿನ ಪದರ. ಸೋಪಿಗೆ ಜಿಡ್ಡು ಹೋಗೋ ಹಾಗೆ ಅದೂ ಒಡೆದು ಹೋಗುತ್ತೆ. ಕೊಟ್ಟಿಗೆ ಬಾಗಿಲಲ್ಲೇ ಒಂದು ಸೋಪು, ಒಂದು ಬಕೆಟ್ ನೀರು ಇಡಿ. ಹಿಂದೆ ಮುಂದೆ ನೋಡದೆ ಕಣ್ಣು, ಮೂಗು ಒರೆಸಿಕೊಳ್ಳೋ ಅಭ್ಯಾಸ ಬಿಡಿ.
- ಹುಷಾರಿಲ್ಲದ ಪ್ರಾಣಿಯ ಮೂಗು, ಬಾಯಿ, ಸೆಗಣಿ ಮುಟ್ಟುವಾಗ ಗ್ಲೌಸ್, ಮಾಸ್ಕ್. ಎಳೆಗರುವಿನ ಮೂಗಿಗೆ ಬಾಯಿ ಇಟ್ಟು ಊದೋದು, ಕಸ ಬೀಳದಿದ್ದಾಗ ಬರಿಗೈ ಹಾಕಿ ಎಳೆಯೋದು ಬೇಡವೇ ಬೇಡ. ಇಲ್ಲಿ ಕೊರೊನಾಗಿಂತ ದೊಡ್ಡ ಅಪಾಯ ಕಂದುರೋಗ, ಅಂದರೆ ಬ್ರುಸೆಲ್ಲೋಸಿಸ್. ಅದು ಖಂಡಿತ ಮನುಷ್ಯರಿಗೆ ಬರುತ್ತೆ.
- ಕರು ಭೇದಿ. ಹುಟ್ಟಿದ ಎರಡು ಗಂಟೆಯೊಳಗೆ ಗಿಣ್ಣುಹಾಲು ಕುಡಿಸಿ. ಮೊದಲ ದಿನದಲ್ಲಿ ಕರುವಿನ ತೂಕದ ಹತ್ತನೇ ಒಂದು ಭಾಗ ಹೋಗಬೇಕು, 25 ಕೆಜಿ ಕರುವಿಗೆ ಎರಡೂವರೆ ಲೀಟರ್. ಭೇದಿ ಶುರುವಾದರೆ ಬೇರೆ ಕಟ್ಟಿ, ಓಆರ್‌ಎಸ್ ಕುಡಿಸಿ, ವೈದ್ಯರನ್ನ ಕರೆಸಿ. ವೈರಸ್ಸಿಗೆ ಆಂಟಿಬಯೋಟಿಕ್ ಕೆಲಸ ಮಾಡಲ್ಲ, ನೀವೇ ತಂದು ಹಾಕಬೇಡಿ. ಭೇದಿ ಇರೋ ಕರು ಹತ್ತಿರ ಚಿಕ್ಕ ಮಕ್ಕಳನ್ನ ಬಿಡಬೇಡಿ. ಸಾಲ್ಮೊನೆಲ್ಲಾದಂಥ ಭೇದಿ ರೋಗಾಣುಗಳು ಮಕ್ಕಳಿಗೂ ತಗಲುತ್ತವೆ.
- ಸಂತೆಯಿಂದ ತಂದ ಪ್ರಾಣಿಯನ್ನ ನೇರ ಕೊಟ್ಟಿಗೆಗೆ ಕಟ್ಟಬೇಡಿ. ಕನಿಷ್ಠ ಮೂರು ವಾರ ಬೇರೆ ಕಡೆ ಕಟ್ಟಿ, ಬೇರೆ ಬಾನಿ, ಬೇರೆ ಬಕೆಟ್. ಮೊದಲು ಹಳೇ ಪ್ರಾಣಿಗಳ ಕೆಲಸ ಮುಗಿಸಿ, ಹೊಸದರ ಕೆಲಸ ಕೊನೆಗೆ ಮಾಡಿ.
- ಕೋಳಿ, ಹಂದಿ, ದನ ಒಂದೇ ಸೂರಿನಡಿ ಬೇಡ. ಬಾವಲಿ ಕಚ್ಚಿ ಬೀಳಿಸಿದ ಹಣ್ಣನ್ನ ಪ್ರಾಣಿಗಳಿಗೂ ಹಾಕಬೇಡಿ, ನೀವೂ ತಿನ್ನಬೇಡಿ. ಹಾಗಂತ ಬಾವಲಿ ಕೊಲ್ಲೋಕೆ ಹೋಗಬೇಡಿ. ಕೀಟ ತಿಂದು, ಪರಾಗ ಹಂಚಿ ನಮ್ಮ ಬೆಳೆಗೇ ದುಡಿಯುತ್ತವೆ.
- ಹಾಲು ಕಾಯಿಸಿ, ಮಾಂಸ ಮೊಟ್ಟೆ ಚೆನ್ನಾಗಿ ಬೇಯಿಸಿ.
- ಒಟ್ಟೊಟ್ಟಿಗೆ ಪ್ರಾಣಿಗಳು ಸತ್ತರೆ ಮುಚ್ಚಿಡಬೇಡಿ. ಪಶು ಆಸ್ಪತ್ರೆಗೆ ತಿಳಿಸಿ, ಇಲ್ಲವೇ 1962ಕ್ಕೆ ಫೋನ್ ಮಾಡಿ. ಆಮೇಲೆ ನಿಮಗೇ ಜ್ವರ ಬಂದರೆ ಸತ್ತ ಪ್ರಾಣಿ ಮುಟ್ಟಿದ್ದನ್ನ ಡಾಕ್ಟರಿಗೆ ಹೇಳಿ.

ಈ ಕೊನೆಯ ಮಾತು ನಮ್ಮ ರಾಜ್ಯಕ್ಕೆ ಹೊಸದಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲಾಗಿ ಸತ್ತಾಗಲೇ ಮಂಗನ ಕಾಯಿಲೆ ಗೊತ್ತಾಗಿದ್ದು. ಅದು ಕೊರೊನಾ ಅಲ್ಲ, ಉಣ್ಣೆ ಹುಳದಿಂದ ಬರೋ ಬೇರೆ ವೈರಸ್. ಆದರೆ ಸತ್ತ ಮಂಗ ಕಂಡರೆ ಕೂಡಲೇ ತಿಳಿಸಬೇಕು ಅನ್ನೋದನ್ನ ಮಲೆನಾಡಿನವರು ಇವತ್ತಿಗೂ ಪಾಲಿಸ್ತಾರೆ. ನಾವೂ ಪಾಲಿಸೋಣ.

ಮುಂದಿನ ಮೆಸೇಜ್ ಬಂದಾಗ

ಫಾರ್ವರ್ಡ್ ಒತ್ತೋ ಮೊದಲು ನಾಲ್ಕು ಪ್ರಶ್ನೆ ಕೇಳಿ. ಯಾವ ವೈರಸ್ ಅಂತ ಹೆಸರು ಹೇಳಿದೆಯಾ, ಬರೀ "ಕೊರೊನಾ" ಅಂತಿದೆಯಾ? ಯಾವ ಪ್ರಾಣಿಯಲ್ಲಿ, ಯಾವ ಊರಲ್ಲಿ, ಯಾವಾಗ ಸಿಕ್ಕಿತು ಅಂತಿದೆಯಾ? ಮನುಷ್ಯನಿಗೆ ತಗಲಿದ್ದು ಪರೀಕ್ಷೆಯಲ್ಲಿ ಗೊತ್ತಾಗಿದೆಯಾ? ಪಶು ಇಲಾಖೆ ಅಥವಾ ಆರೋಗ್ಯ ಇಲಾಖೆ ಏನಂದಿದೆ? ನಾಲ್ಕಕ್ಕೂ ಉತ್ತರ ಇಲ್ಲದಿದ್ದರೆ ಅದು ಅಲ್ಲೇ ನಿಲ್ಲಲಿ. ನಾಲ್ಕಕ್ಕೂ ಉತ್ತರ ಇದ್ದರೆ ಉಡಾಫೆ ಬೇಡ, ಆಗ ಎಚ್ಚರ ಆಗೋ ಹೊತ್ತು.

ಜೆಡ್ಡಾದ ಆ ಒಂಟೆಯವನು ತಪ್ಪು ಮಾಡಲಿಲ್ಲ. ತನ್ನ ಪ್ರಾಣಿಗೆ ಹುಷಾರಿಲ್ಲ ಅಂತ ಔಷಧಿ ಹಚ್ಚಿದ, ಅಷ್ಟೇ. ನಾವೂ ನಾಳೆ ಬೆಳಿಗ್ಗೆ ಅದನ್ನೇ ಮಾಡ್ತೀವಿ, ಮಾಡಲೇಬೇಕು. ಗ್ಲೌಸ್ ಹಾಕಿಕೊಂಡು ಮಾಡಿ, ಮಾಡಿದ ಮೇಲೆ ಸೋಪು ಹಾಕಿ ಕೈ ತೊಳೀರಿ. ನಿಮ್ಮ ಕೊಟ್ಟಿಗೆ ಬಾಗಿಲಲ್ಲಿ ಸೋಪು ಇಲ್ಲ ಅಂದರೆ, ಇವತ್ತು ಸಂಜೆ ಹಾಲು ಕರೆಯೋ ಮೊದಲು ಒಂದು ತಂದಿಡಿ.

ಮುಂದಿನ ವಾರ ಸಿಗೋಣ.